ಕೀಮೋ ನಡೆಯುವಾಗ ವಿಟಮಿನ್ ಮಾತ್ರೆ: ಮೊದಲು ಕೇಳಿ, ಆಮೇಲೆ ನುಂಗಿ

ಮನೆಯಲ್ಲಿರುವ ಮಾತ್ರೆ, ಪುಡಿ, ಕಷಾಯ, ಲೇಹ್ಯ ಎಲ್ಲವನ್ನೂ ಡಬ್ಬಿ ಸಮೇತ ಒಯ್ದು ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ. ಬರೀ ಹೆಸರು ಹೇಳಿದರೆ ಸಾಲದು. ಪ್ರಮಾಣ ಇರುವುದು ಲೇಬಲ್ಲಿನ ಮೇಲೆ.

ಜನ ಎಡವುವುದು ಫೋಲಿಕ್ ಆಸಿಡ್ ಎಂಬ ಬಿ ವಿಟಮಿನ್‌ನಲ್ಲಿ. ಕೆಪಸಿಟಾಬಿನ್ ಎಂಬ ಕೀಮೋ ಮಾತ್ರೆಯ ಜೊತೆ ಅದು ಸೇರಿದರೆ ಭೇದಿ, ಬಾಯಿಹುಣ್ಣು ಜೋರಾಗಬಹುದು. ಬಿ-ಕಾಂಪ್ಲೆಕ್ಸ್, ಮಲ್ಟಿವಿಟಮಿನ್‌ಗಳಲ್ಲೂ ಅದು ಇರಬಹುದು, ನೋಡಿ. ಆದರೆ ಪೆಮೆಟ್ರೆಕ್ಸೆಡ್ ಎಂಬ ಕೀಮೋ ಔಷಧಕ್ಕೆ ಇದು ಉಲ್ಟಾ: ಮೊದಲ ಡೋಸ್‌ಗೆ 7 ದಿನ ಮುಂಚೆಯೇ ದಿನಕ್ಕೆ 400ರಿಂದ 1,000 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರು, ಕೊನೆಯ ಡೋಸ್ ಆದ ಮೇಲೂ 21 ದಿನ. ಜೊತೆಗೆ 9 ವಾರಕ್ಕೊಮ್ಮೆ ಬಿ12 ಇಂಜೆಕ್ಷನ್. ತಪ್ಪಿಸಿದರೆ ರಕ್ತಕಣಗಳು ಕುಸಿಯಬಹುದು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 5 ಮಿಲಿಗ್ರಾಂ ಮಾತ್ರೆ ಎಂದರೆ 5,000 ಮೈಕ್ರೋಗ್ರಾಂ, ಎಚ್ಚರ.

ಬೋರ್ಟೆಜೊಮಿಬ್ ಎಂಬ ಕ್ಯಾನ್ಸರ್ ಔಷಧ ನಡೆಯುತ್ತಿದ್ದರೆ ಗ್ರೀನ್ ಟೀ ಕ್ಯಾಪ್ಸೂಲ್ ಬೇಡ, ಔಷಧವನ್ನೇ ಕಟ್ಟಿಹಾಕಬಲ್ಲದು. ಸಾರಿನ ಅರಿಶಿನಕ್ಕೆ ಹೆದರಬೇಕಿಲ್ಲ. ಅರಿಶಿನದಿಂದ ತೆಗೆದ ಕರ್ಕ್ಯುಮಿನ್‌ನ ಕ್ಯಾಪ್ಸೂಲ್ ಬೇರೆ ಮಾತು: ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಇಳಿದಿದ್ದರೆ ರಕ್ತಸ್ರಾವದ ಭಯವಿದೆ.