ಲೊಕೇಶನ್ ಅಂದ್ರೆ ಬಾಡಿಗೆ: ಫ್ರೆಂಚ್ ಕಲಿಯುವ ಕನ್ನಡಿಗರಿಗೆ ಕೈಕೊಡುವ ಪದಗಳು

ನಾನು ಬೆಂಗಳೂರಿನಲ್ಲಿ ಮನೆಯಲ್ಲೇ ಫ್ರೆಂಚ್ ಹೇಳಿಕೊಡುತ್ತೇನೆ. ಫ್ರಾನ್ಸಿಗೆ ಓದಲು ಹೊರಟವರು ಬರುತ್ತಾರೆ, ಕೆನಡಾ ಪಿಆರ್‌ಗೋಸ್ಕರ (ಅಲ್ಲಿ ಕಾಯಂ ನೆಲೆಸುವ ಪರವಾನಗಿ) ಟಿಇಎಫ್ ಎಂಬ ಫ್ರೆಂಚ್ ಪರೀಕ್ಷೆ ಬರೆಯುವವರು ಬರುತ್ತಾರೆ, ನರ್ಸ್‌ಗಳು, ಸಾಫ್ಟ್‌ವೇರ್‌ನವರು ಬರುತ್ತಾರೆ. ಎಲ್ಲರಿಗೂ ಇಂಗ್ಲಿಷ್ ಚೆನ್ನಾಗಿ ಗೊತ್ತು. ಫ್ರೆಂಚ್ ಪುಟ ತೆರೆದ ಕೂಡಲೇ ಅರ್ಧ ಪದಗಳು ಪರಿಚಯದವರ ಹಾಗೆ ಕಾಣುತ್ತವೆ. ಅವುಗಳಲ್ಲಿ ಹೆಚ್ಚಿನವು ನಿಜಕ್ಕೂ ಪರಿಚಯದವೇ. ಕೆಲವು ಮಾತ್ರ ವೇಷ ಒಂದು, ಅರ್ಥ ಇನ್ನೊಂದು. ಫ್ರೆಂಚರು ಇವನ್ನು 'ಫೋಜಾಮಿ' ಅನ್ನುತ್ತಾರೆ, ಗೆಳೆಯರಂತೆ ನಟಿಸುವವರು ಅಂತ. 1928ರಲ್ಲಿ ಕೋಸ್ಲೆರ್ ಮತ್ತು ದೆರೊಕಿನ್ಯಿ ಎಂಬ ಇಬ್ಬರು ತಮ್ಮ ಪುಸ್ತಕಕ್ಕೆ ಇದೇ ಹೆಸರಿಟ್ಟ ಮೇಲೆ ಅದು ಎಲ್ಲರ ಬಾಯಲ್ಲೂ ನಿಂತಿತು. ನಾನು ಕ್ಲಾಸಿನಲ್ಲಿ 'ಕೈಕೊಡುವ ಪದಗಳು' ಅನ್ನುತ್ತೇನೆ.

ಇಂಗ್ಲಿಷ್‌ನವರಿಗಾಗಿ ಮಾಡಿದ ಪಟ್ಟಿಗಳು ಬೇಕಾದಷ್ಟಿವೆ. ಅವನ್ನು ಹಾಗೇ ಉರುಹೊಡೆದರೆ ನಮಗೆ ಸಾಲದು. ನಮ್ಮ ಕಷ್ಟ ಬೇರೆ ಕಡೆ ಇದೆ. ಇಂಗ್ಲಿಷ್‌ನಿಂದ ಬಂದು ಕನ್ನಡದ ಪದಗಳೇ ಆಗಿಬಿಟ್ಟವು ಇವೆಯಲ್ಲ, ಪೆಟ್ರೋಲು, ಕಾಲೇಜು, ಪಾಸು, ಲೈಸೆನ್ಸು, ಲೊಕೇಶನ್ನು, ನಮಗೆ ಜಾಸ್ತಿ ಕೈಕೊಡುವುದು ಅವೇ. ಅವು ಇಂಗ್ಲಿಷ್ ಅಂತ ನಮಗೆ ಅನ್ನಿಸುವುದೇ ಇಲ್ಲ. ಆದ್ದರಿಂದ ಹುಷಾರಾಗಿಯೂ ಇರುವುದಿಲ್ಲ.

ಮೊದಲು ಉಚ್ಚಾರದ ಬಗ್ಗೆ ಒಂದು ಮಾತು. ಫ್ರೆಂಚ್ ಪದಗಳನ್ನು ಇಲ್ಲಿ ಕಿವಿಗೆ ಬೀಳುವ ಹಾಗೆ ಬರೆದಿದ್ದೇನೆ. ಫ್ರೆಂಚಿನ ತ ಮತ್ತು ದ ನಮ್ಮ ತ, ದ ಹಾಗೇ ನಾಲಿಗೆ ಹಲ್ಲಿಗೆ ತಾಗಿ ಬರುತ್ತವೆ. ಟ, ಡ ಅಂತ ಇಂಗ್ಲಿಷ್ ಧಾಟಿಯಲ್ಲಿ ಹೇಳಬೇಡಿ. ಕನ್ನಡದ ನಾಲಿಗೆಗೆ ಇದು ಸುಲಭ.

'ಲೊಕೇಶನ್ ಕಳಿಸಿ' ಅಂತ ದಿನಕ್ಕೆ ಎಷ್ಟು ಸಲ ಹೇಳುತ್ತೇವೆ! ಫ್ರೆಂಚಿನಲ್ಲಿ ಅದೇ ಅಕ್ಷರಗಳ ಪದ 'ಲೊಕಾಸ್ಯೋಂ', ಅದರ ಅರ್ಥ ಬಾಡಿಗೆ. ಕಾರಿನ ಅಂಗಡಿ ಮುಂದೆ ಈ ಬೋರ್ಡ್ ಇದ್ದರೆ ಬಾಡಿಗೆಗೆ ಕಾರು ಸಿಗುತ್ತದೆ ಅಂತ. ನಾವು ಹೇಳುವ ಲೊಕೇಶನ್‌ಗೆ ಅಲ್ಲಿ 'ಲೊಕಾಲಿಜಾಸ್ಯೋಂ' ಅಥವಾ 'ಪೊಜಿಸ್ಯೋಂ'. ನಿಮ್ಮ ಫೋನಿನ ಭಾಷೆಯನ್ನು ಫ್ರೆಂಚಿಗೆ ಬದಲಿಸಿದರೆ ಇಂಥ ಪದಗಳು ದಿನವೂ ತಾವಾಗಿ ಕಣ್ಣಿಗೆ ಬೀಳುತ್ತವೆ. ನನ್ನ ಪ್ರಕಾರ ಪಟ್ಟಿ ಓದುವುದಕ್ಕಿಂತ ಇದು ಮೇಲು.

ಓದಲು ಹೋಗುವವರು ಬಾಡಿಗೆ ಮನೆಯ ಜಾಹೀರಾತನ್ನೇ ಪಾಠ ಮಾಡಿಕೊಳ್ಳಬೇಕು. ನಾನು ಕ್ಲಾಸಿನಲ್ಲಿ ಇಂಥ ಒಂದು ಸಾಲು ಬರೆಯುತ್ತೇನೆ: 'ಲೊಕಾಸ್ಯೋಂ, ದ ಪಿಯೆಸ್, ಶಾರ್ಜ್ ಕೋಂಪ್ರಿಜ್, ಕೋಸ್ಯೋಂ ಅಂ ಮ್ವಾ.' ಒಂದೊಂದಾಗಿ ಬಿಡಿಸೋಣ. ಲೊಕಾಸ್ಯೋಂ ಆಯಿತು, ಬಾಡಿಗೆಗೆ ಇದೆ. 'ಪಿಯೆಸ್' ಅಂದ್ರೆ ಕೋಣೆ, 'ದ' ಅಂದ್ರೆ ಎರಡು. ಎರಡು ಬೆಡ್‌ರೂಮ್ ಅಂದುಕೊಳ್ಳಬೇಡಿ. ಅಡುಗೆಮನೆ, ಬಚ್ಚಲುಮನೆ ಬಿಟ್ಟು ಎಣಿಸುತ್ತಾರೆ, ಹಾಲ್ ಸೇರಿಸಿ ಎಣಿಸುತ್ತಾರೆ. ಅಲ್ಲಿಗೆ ಅದು ನಮ್ಮ ಒನ್ ಬಿಎಚ್‌ಕೆ. 'ಶಾರ್ಜ್ ಕೋಂಪ್ರಿಜ್' ಅಂದ್ರೆ ಮೇಂಟೆನೆನ್ಸ್ ಸೇರಿ. ಕೊನೆಯದು 'ಕೋಸ್ಯೋಂ'. ಇಂಗ್ಲಿಷ್ ಕಣ್ಣಿಗೆ ಅದು ಎಚ್ಚರಿಕೆ ಅಂತ ಕಾಣುತ್ತದೆ. ಅದು ಅಡ್ವಾನ್ಸ್ ಹಣ! 'ಅಂ ಮ್ವಾ', ಒಂದು ತಿಂಗಳದ್ದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಾದವರು ಒಂದು ತಿಂಗಳು ಅಂದಾಗ ನಂಬುವುದಿಲ್ಲ. ಫ್ರಾನ್ಸಿನ ಕಾನೂನು ಹಾಗೇ ಇದೆ: ಖಾಲಿ ಮನೆಗೆ ಒಂದು ತಿಂಗಳು, ಪೀಠೋಪಕರಣ ಇರುವ ಮನೆಗೆ ಹೆಚ್ಚೆಂದರೆ ಎರಡು ತಿಂಗಳ ಬಾಡಿಗೆ. ಕರಾರು ಪತ್ರದಲ್ಲಿ ಇದಕ್ಕೆ 'ದೆಪೋ ದ ಗಾರಾಂತಿ' ಅಂತ ಬರೆದಿರುತ್ತದೆ. 'ಕೋಸ್ಯೋಂ'ಗೆ ಜಾಮೀನು ಎಂಬ ಅರ್ಥವೂ ಇದೆ. ಮನೆ ಮಾಲೀಕರು 'ನಿಮಗೆ ಕೋಸ್ಯೋಂ ಇದೆಯಾ' ಅಂತ ಕೇಳಿದರೆ ಅಡ್ವಾನ್ಸ್ ಕೇಳುತ್ತಿಲ್ಲ. ನೀವು ಬಾಡಿಗೆ ಕಟ್ಟದಿದ್ದರೆ ಕಟ್ಟುವವರು ಯಾರು ಅಂತ ಕೇಳುತ್ತಿದ್ದಾರೆ. ವಿದ್ಯಾರ್ಥಿಗಳಿಗೆ 'ವಿಸಾಲ್' ಎಂಬ ಉಚಿತ ಜಾಮೀನು ವ್ಯವಸ್ಥೆ ಇದೆ, ಹೊರಡುವ ಮೊದಲೇ ಅದರ ಬಗ್ಗೆ ತಿಳಿದುಕೊಳ್ಳಿ.

ಓದಿನ ಪದಗಳಂತೂ ಅರ್ಜಿಯನ್ನೇ ಕೆಡಿಸಬಲ್ಲವು. ಫ್ರಾನ್ಸಿನ 'ಕೊಲೆಜ್' ನಮ್ಮ ಕಾಲೇಜಲ್ಲ. ಹನ್ನೊಂದರಿಂದ ಹದಿನೈದು ವರ್ಷದ ಮಕ್ಕಳ ಶಾಲೆ ಅದು. ಅದಾದ ಮೇಲೆ 'ಲಿಸೆ', ಅದು ಮುಗಿಯುವಾಗ 'ಬಾಕಾಲೋರೆಯಾ' ಪರೀಕ್ಷೆ, ಅಂದ್ರೆ ಹೆಚ್ಚುಕಮ್ಮಿ ನಮ್ಮ ದ್ವಿತೀಯ ಪಿಯುಸಿ. ಬಿಎಸ್ಸಿ, ಬಿಕಾಂ ಮಟ್ಟದ ಮೂರು ವರ್ಷದ ಪದವಿಯ ಹೆಸರು 'ಲಿಸಾಂಸ್'. ಹೌದು, ನಮ್ಮ ಲೈಸೆನ್ಸ್ ಪದದ ಅಕ್ಷರಗಳೇ. ಗಾಡಿ ಓಡಿಸುವ ಲೈಸೆನ್ಸ್ 'ಪೆರ್ಮಿ'. 'ನನ್ನ ಹತ್ತಿರ ಲಿಸಾಂಸ್ ಇದೆ' ಅಂದರೆ ಎದುರಿನವರು ಯಾವ ವಿಷಯದಲ್ಲಿ ಅಂತ ಕೇಳುತ್ತಾರೆ. 'ಸ್ತಾಜ್' ಇಂಟರ್ನ್‌ಶಿಪ್, ನಾಟಕದ ಸ್ಟೇಜ್ ಅಲ್ಲ. 'ಫೊರ್ಮಾಸ್ಯೋಂ' ತರಬೇತಿ. 'ಕೋಂಫೆರಾಂಸ್' ಹೆಚ್ಚಾಗಿ ಉಪನ್ಯಾಸ, 'ಲೆಕ್ತ್ಯುರ್' ಓದು.

ಉಪನ್ಯಾಸ ಅಂದಾಗ ನೆನಪಾಯಿತು. ಈ ಥರ ಪದ ನಮಗೆ ಹೊಸದೇನಲ್ಲ. ಹಿಂದಿಯಲ್ಲಿ ಉಪನ್ಯಾಸ್ ಅಂದ್ರೆ ಕಾದಂಬರಿ, ಶಿಕ್ಷಾ ಅಂದ್ರೆ ವಿದ್ಯೆ, ಅವಕಾಶ್ ಅಂದ್ರೆ ರಜೆ. ಎರಡೂ ಭಾಷೆ ಸಂಸ್ಕೃತದಿಂದ ತಂದುಕೊಂಡವು, ಆಮೇಲೆ ತಮ್ಮ ತಮ್ಮ ದಾರಿ ಹಿಡಿದವು. ಇಂಗ್ಲಿಷ್-ಫ್ರೆಂಚ್ ನಡುವೆ ಆಗಿದ್ದೂ ಅದೇ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ತಲೆಮಾರುಗಳ ಕಾಲ ಅಲ್ಲಿನ ಅರಮನೆ, ಕೋರ್ಟುಗಳಲ್ಲಿ ಫ್ರೆಂಚ್ ನಡೆಯಿತು. ಆಗ ಹೋದ ಪದಗಳು ಇಂಗ್ಲಿಷ್‌ನಲ್ಲಿ ಒಂದು ಥರ ಬೆಳೆದವು, ಫ್ರಾನ್ಸಿನಲ್ಲಿ ಇನ್ನೊಂದು ಥರ. ಕೆಲವು ಕಡೆ ಬದಲಾಗಿದ್ದು ಫ್ರೆಂಚೇ. 'ದೆಸೆಪ್ಸ್ಯೋಂ' ಹಿಂದೆ ಅಲ್ಲಿಯೂ ಮೋಸವೇ ಆಗಿತ್ತು, ಈಗ ಬರೀ ನಿರಾಸೆ.

ಇನ್ನು ಕ್ರಿಯಾಪದಗಳು. ಹೆಸರುಪದ ತಪ್ಪಿದರೆ ಕೈ ತೋರಿಸಿಯಾದರೂ ತಿಳಿಸಬಹುದು. ಕ್ರಿಯಾಪದ ತಪ್ಪಿದರೆ ಇಡೀ ಮಾತೇ ತಿರುಗಿಬಿಡುತ್ತದೆ. ಹಾಗಾಗಿ ನಾಲ್ಕನ್ನು ಮೊದಲ ವಾರದಲ್ಲೇ ಗಟ್ಟಿ ಮಾಡಿಸುತ್ತೇನೆ. 'ಅತಾಂದ್ರ್' ಅಂದ್ರೆ ಕಾಯುವುದು. 'ಅಸಿಸ್ತೆ ಆ' ಅಂದ್ರೆ ಹಾಜರಿರುವುದು. ಇವೆರಡನ್ನೂ ಒಟ್ಟಿಗೇ ಕಲಿಯಿರಿ, ಮೀಟಿಂಗ್ ಅಟೆಂಡ್ ಮಾಡಿದೆ ಅನ್ನುವ ಕಡೆ ಎರಡನೆಯದು ಬರಬೇಕು. 'ರೆಸ್ತೆ' ಅಂದ್ರೆ ಇರುವುದು, ಉಳಿಯುವುದು. ರೆಸ್ಟ್ ತಗೊಳ್ಳುವುದು 'ಸ ರಪೋಜೆ'. ಡಾಕ್ಟರು 'ರೆಸ್ತೆ ಓ ಲಿ' ಅಂದರೆ ಹಾಸಿಗೆ ಬಿಟ್ಟು ಏಳಬೇಡಿ ಅಂತ. ನಾಲ್ಕನೆಯದು 'ದಮಾಂದೆ'. ಇದು ಸಾದಾ ಕೇಳುವುದು, ಇದರಲ್ಲಿ ಜೋರು ಜಬರ್ದಸ್ತಿ ಏನೂ ಇಲ್ಲ. ಫ್ರೆಂಚ್ ಸಹೋದ್ಯೋಗಿಗಳು ಇಂಗ್ಲಿಷ್‌ನಲ್ಲಿ 'ವಿ ಡಿಮಾಂಡ್' ಅಂತ ಮೇಲ್ ಬರೆದಾಗ ನಮ್ಮ ಆಫೀಸುಗಳಲ್ಲಿ ಬೇಜಾರು ಮಾಡಿಕೊಳ್ಳುತ್ತಾರೆ. ಅವರು ವಿನಯದಿಂದಲೇ ಕೇಳಿರುತ್ತಾರೆ.

ಇಲ್ಲಿ ಕನ್ನಡವೂ ಒಂದು ಕಡೆ ತೊಡಕು ಮಾಡುತ್ತದೆ. ನಮಗೆ ಪ್ರಶ್ನೆ ಕೇಳುವುದೂ ಹಾಡು ಕೇಳುವುದೂ ಒಂದೇ. ಫ್ರೆಂಚಿನಲ್ಲಿ ಪ್ರಶ್ನೆಗೆ, ಸಹಾಯಕ್ಕೆ 'ದಮಾಂದೆ', ಹಾಡಿಗೆ 'ಎಕುತೆ', ಸುಮ್ನೆ ಕಿವಿಗೆ ಬೀಳುವುದಕ್ಕೆ 'ಆಂತಾಂದ್ರ್'. ಮೂರನ್ನೂ ಮೂರು ಪೂರ್ತಿ ವಾಕ್ಯಗಳಲ್ಲಿ ಬರೆದಿಟ್ಟುಕೊಳ್ಳಿ.

ಪರೀಕ್ಷೆಯ ಮಾತಿಗೆ ಬಂದರೆ 'ಪಾಸೆ' ಬಹಳ ಮುಖ್ಯ. 'ಜೆ ಪಾಸೆ ಲೆಗ್ಜಾಮ್ಯಾಂ' ಅಂದ್ರೆ ಪರೀಕ್ಷೆ ಬರೆದೆ ಅಂತಷ್ಟೇ. ಪಾಸಾದೆ ಅನ್ನಲು 'ಜೆ ರೆಯುಸಿ' ಅನ್ನಬೇಕು. ಕೆಲಸದ ಸಂದರ್ಶನದಲ್ಲಿ ಮೊದಲನೆಯದನ್ನು ಹೇಳಿ ಸುಮ್ಮನಾದರೆ 'ಫಲಿತಾಂಶ ಏನಾಯಿತು' ಎಂಬ ಪ್ರಶ್ನೆ ಬಂದೇ ಬರುತ್ತದೆ. ಪರಿಚಯ ಹೇಳುವಾಗ ಇಂಟ್ರೊಡ್ಯೂಸ್ ನೆನಪಿಗೆ ಬಂದರೆ ಅಲ್ಲೇ ತಡೆಯಿರಿ. 'ಆ್ಯಂತ್ರೊದ್ವೀರ್' ಅಂದ್ರೆ ಒಳಗೆ ತೂರಿಸುವುದು. 'ಜ ಮ ಪ್ರೆಜಾಂತ್', ನನ್ನ ಪರಿಚಯ ಮಾಡಿಕೊಳ್ಳುತ್ತೇನೆ. ಹಾಗೆಯೇ ನಮ್ಮ ಹುಡುಗರು, ಹುಡುಗಿಯರು 'ತುಂಬಾ ಎಕ್ಸೈಟ್ ಆಗಿದ್ದೀನಿ' ಅನ್ನುತ್ತಾರಲ್ವಾ, ಅದನ್ನು 'ಎಕ್ಸಿತೆ' ಹಾಕಿ ಫ್ರೆಂಚಿಗೆ ತಂದರೆ ಕಾಮದ ಅರ್ಥ ಬರಬಹುದು. 'ಜೆ ಆತ್' ಅನ್ನಿ. ಯಾವಾಗ ಆ ದಿನ ಬರುತ್ತದೋ ಅಂತ ಕಾಯುವ ಖುಷಿ ಅದರಲ್ಲಿದೆ.

ಮೇಲ್‌ಗಳಲ್ಲಿ ಎರಡು ಪದ ತುಂಬಾ ತೊಂದರೆ ಕೊಡುತ್ತವೆ. 'ಆಕ್ತ್ಯುಎಲ್ಮಾಂ' ಅಂದ್ರೆ ಈಗ, ಸದ್ಯಕ್ಕೆ. ನಾವು ಮಾತುಮಾತಿಗೆ 'ಆ್ಯಕ್ಚುಲಿ' ಅನ್ನುತ್ತೇವಲ್ಲ, ಅದಕ್ಕೆ 'ಆಂಫೆತ್'. 'ಎವಾಂತ್ಯುಎಲ್ಮಾಂ' ಇನ್ನೂ ಕಷ್ಟ. ಅದರ ಅರ್ಥ ಬೇಕಾದರೆ, ಆದರೆ ಆಗಬಹುದು ಅಂತ. 'ಸೋಮವಾರ ಎವಾಂತ್ಯುಎಲ್ಮಾಂ ಕಳಿಸುತ್ತೇವೆ' ಅಂತ ಬಂದರೆ ಕಳಿಸಿದರೂ ಕಳಿಸಬಹುದು, ಇಲ್ಲದಿದ್ದರೆ ಇಲ್ಲ. ಕೊನೆಗಾದರೂ ಬಂದೇ ಬರುತ್ತದೆ ಅಂತ ನಂಬಿ ಕೂತರೆ ಕೆಲಸ ಕೆಡುತ್ತದೆ.

ಪೇಟೆಯ ಪದಗಳನ್ನು ಬೇಗ ಮುಗಿಸುತ್ತೇನೆ. ಬಂಕಿನಲ್ಲಿ ಹಾಕಿಸುವುದು 'ಎಸಾಂಸ್', 'ಪೆತ್ರೋಲ್' ನೆಲದಿಂದ ತೆಗೆಯುವ ಕಚ್ಚಾ ಎಣ್ಣೆ. 'ಲಿಬ್ರೆರಿ'ಯಲ್ಲಿ ಪುಸ್ತಕ ದುಡ್ಡು ಕೊಟ್ಟು ಕೊಳ್ಳಬೇಕು, ಲೈಬ್ರರಿ 'ಬಿಬ್ಲಿಯೊತೆಕ್'. 'ಮೊನೆ' ಚಿಲ್ಲರೆ. ಬಸ್ ಕಂಡಕ್ಟರು ನಮ್ಮನ್ನು ಕೇಳುವ ಚಿಲ್ಲರೆಯನ್ನೇ ಬೇಕರಿಯವರು 'ವುಜಾವೆ ದ ಲಾ ಮೊನೆ?' ಅಂತ ಕೇಳುತ್ತಾರೆ. ದುಡ್ಡಿಗೆ 'ಆರ್ಜಾಂ'. 'ರೆಜ್ಯಾಂ' ಹಸಿ ದ್ರಾಕ್ಷಿ, ಪಾಯಸಕ್ಕೆ ಹಾಕುವುದು 'ರೆಜ್ಯಾಂ ಸೆಕ್'. ಹೋಟೆಲಿನಲ್ಲಿ 'ಮನ್ಯು' ಅಂದ್ರೆ ಇಷ್ಟು ದುಡ್ಡಿಗೆ ಇಷ್ಟು ಐಟಂ ಅಂತ ಕಟ್ಟಿಕೊಟ್ಟ ಊಟ. ತಿಂಡಿಗಳ ಪಟ್ಟಿ ಬೇಕಿದ್ದರೆ 'ಲಾ ಕಾರ್ತ್' ಕೇಳಿ. ಅಂಗಡಿಯವರು ಕೊನೆಗೆ 'ಬೊನ್ ಜುರ್ನೆ' ಅಂದರೆ ನಿಮ್ಮ ಜರ್ನಿಗೆ ಹಾರೈಸುತ್ತಿಲ್ಲ, ದಿನ ಚೆನ್ನಾಗಿರಲಿ ಅಂತ. 'ಜುರ್' ದಿನ, 'ಜುರ್ನಾಲ್' ದಿನಪತ್ರಿಕೆ. ನಮ್ಮಲ್ಲೂ ದಿನ, ದಿನಪತ್ರಿಕೆ. ಕನ್ನಡಕ್ಕೆ ಕೂಡಿಸಿಕೊಂಡರೆ ಎಷ್ಟು ಸರಾಗ ನೋಡಿ.

ಜಾಮ್ ಬಾಟಲಿ ಹಿಡಿದು ಇದರಲ್ಲಿ ಪ್ರಿಸರ್ವೇಟಿವ್ ಇದೆಯಾ ಅಂತ ಕೇಳುವವರು 'ಕೋಂಸೆರ್ವಾತರ್' ಅನ್ನಬೇಕು. 'ಪ್ರೆಜೆರ್ವಾತಿಫ್' ಅಂದ್ರೆ ಕಾಂಡೋಮ್. ಎಲ್ಲ ಪಟ್ಟಿಗಳಲ್ಲೂ ಇದು ಮೊದಲಿಗೇ ಬರುತ್ತದೆ. ನನ್ನ ದೃಷ್ಟಿಯಲ್ಲಿ ಇದು ಅಷ್ಟೇನೂ ಅಪಾಯದ್ದಲ್ಲ, ಒಂದು ಸಲ ಕೇಳಿದವರು ಮರೆಯುವುದೇ ಇಲ್ಲ. ಆಸ್ಪತ್ರೆಯ ಪದಗಳ ಮೇಲೆ ಗಮನ ಜಾಸ್ತಿ ಇರಲಿ. 'ಬ್ಲೆಸೆ' ಅಂದ್ರೆ ಗಾಯಗೊಂಡವರು. 'ಮೆದ್ಸ್ಯಾಂ' ಡಾಕ್ಟರು, 'ಮೆದಿಕಾಮಾಂ' ಔಷಧಿ, 'ಒರ್ದೊನಾಂಸ್' ಡಾಕ್ಟರು ಬರೆದುಕೊಡುವ ಚೀಟಿ. 'ಫಿಜಿಸ್ಯಾಂ' ಭೌತವಿಜ್ಞಾನಿ, ಫಿಜಿಶಿಯನ್ ಅಲ್ಲ. ಬಸ್ಸಿನಲ್ಲಿ, ಕಟ್ಟಡದಲ್ಲಿ 'ಇಸ್ಯು ದ ಸಕೂರ್' ಅಂತ ಕಂಡರೆ ಅದು ತುರ್ತು ಬಾಗಿಲು, ನಾವನ್ನುವ ಇಶ್ಯೂ ಅಲ್ಲ.

ಈಗ ನೋಟ್‌ಬುಕ್ ವಿಷಯ. ಪುಟದಲ್ಲಿ ಮೂರು ಕಾಲಂ ಎಳೆಯಿರಿ. ಮೊದಲಿಗೆ ಫ್ರೆಂಚ್ ಪದ. ಎರಡನೆಯದರಲ್ಲಿ ಅಚ್ಚಗನ್ನಡ ಅರ್ಥ: ಬಾಡಿಗೆ, ಕಾಯುವುದು, ಚಿಲ್ಲರೆ. ಮೂರನೆಯದರಲ್ಲಿ ನೀವು ಹೇಳಬೇಕೆಂದಿದ್ದ ವಿಷಯಕ್ಕೆ ಸರಿಯಾದ ಫ್ರೆಂಚ್ ಪದ. ಇಂಗ್ಲಿಷ್‌ಗೆ ಕಾಲಂ ಇಡಲೇಬೇಡಿ. ಯಾವುದನ್ನೂ ಒಂಟಿಯಾಗಿ ಬರೆಯಬೇಡಿ, 'ರೆಸ್ತೆ' ಪಕ್ಕದಲ್ಲಿ 'ಸ ರಪೋಜೆ' ಇರಲೇಬೇಕು. ಬರೀ ಪದ ಬಿಟ್ಟು ನಿಮ್ಮದೇ ಬದುಕಿನ ವಾಕ್ಯ ಬರೆಯಿರಿ: ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದೇನೆ, ಭಾನುವಾರ ಮನೆಯಲ್ಲೇ ಇರುತ್ತೇನೆ.

ಕಣ್ಣಿಗೆ ಮಾತ್ರ ಕೈಕೊಡುವ ಪದಗಳಿಗೆ ಜಾಸ್ತಿ ಹೊತ್ತು ಕೊಡಬೇಡಿ. ಬ್ರೆಡ್ಡಿಗೆ ಫ್ರೆಂಚರು ಬರೆಯುವ ಅಕ್ಷರಗಳನ್ನು ಇಂಗ್ಲಿಷ್‌ನಲ್ಲಿ ಓದಿದರೆ ನೋವು, ಆದರೆ ಅದನ್ನು ಹೇಳುವುದು 'ಪ್ಯಾಂ'. ಮೂಲೆ ಎಂಬುದರ ಅಕ್ಷರ ಕಾಯಿನ್, ಹೇಳುವುದು 'ಕ್ವ್ಯಾಂ'. ಕಿವಿಗೆ ಬಿದ್ದಾಗ ಯಾರಿಗೂ ಗೊಂದಲವಾಗುವುದಿಲ್ಲ. ಕಣ್ಣಿಗೂ ಕಿವಿಗೂ ಒಂದೇ ಥರ ಇರುವ ದಮಾಂದೆ, ಪಾಸೆ, ರೆಸ್ತೆಗಳೇ ನಿಜವಾದ ಕಷ್ಟ. ಇನ್ನೊಂದು ಮಾತು, ಹೆದರಿ ಎಲ್ಲ ಪದಗಳನ್ನೂ ಅನುಮಾನಿಸಬೇಡಿ. ತಾಬ್ಲ್ ಟೇಬಲ್ಲೇ, ಒಪಿತಾಲ್ ಆಸ್ಪತ್ರೆಯೇ, ರೆಸ್ತೊರಾಂ ರೆಸ್ಟೋರೆಂಟೇ. ಅನುಮಾನ ಬಂದಾಗ ಫ್ರೆಂಚ್-ಫ್ರೆಂಚ್ ನಿಘಂಟಿನಲ್ಲಿ ಉದಾಹರಣೆ ವಾಕ್ಯ ನೋಡಿ, ಅಷ್ಟು ಸಾಕು.

ಕೆನಡಾಗೆ ಹೊರಟವರಿಗೆ ಇನ್ನೊಂದಿಷ್ಟು. ಪಿಆರ್‌ಗೆ ಅಂಕ ನೋಡಿ ಆಯ್ಕೆ ಮಾಡುವ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯಲ್ಲಿ ಫ್ರೆಂಚ್‌ಗೆ ಹೆಚ್ಚುವರಿ ಅಂಕ ಸಿಗುತ್ತದೆ, ಅದಕ್ಕೆ ಓದು, ಬರಹ, ಮಾತು, ಕೇಳ್ಮೆ ನಾಲ್ಕರಲ್ಲೂ ಎನ್‌ಸಿಎಲ್‌ಸಿ (ಫ್ರೆಂಚ್ ಮಟ್ಟ ಅಳೆಯುವ ಕೆನಡಾದ ಮಾಪಕ) 7 ಬೇಕು. ಹಾಗಾಗಿ ಬರೀ ಓದಿ ಕಲಿತರೆ ಆಗುವುದಿಲ್ಲ. ಕೆನಡಾದ ಫ್ರೆಂಚ್ ಪ್ರಾಂತ್ಯ ಕ್ವಿಬೆಕ್‌ನಲ್ಲಿ ಇದೇ ಫ್ರೆಂಚ್ ಪದಗಳು ಮತ್ತೆ ಬೇರೆ ದಾರಿ ಹಿಡಿದಿವೆ. ಅಲ್ಲಿ ಬಾಕಾಲೋರೆಯಾ ಅಂದ್ರೆ ಬ್ಯಾಚುಲರ್ ಪದವಿ, ಪಿಯುಸಿ ಮಟ್ಟದ ಪರೀಕ್ಷೆಯಲ್ಲ. ಅರ್ಜಿ ತುಂಬುವ ಮೊದಲು ಅದು ಫ್ರಾನ್ಸಿನದೋ ಕ್ವಿಬೆಕ್‌ನದೋ ನೋಡಿಕೊಳ್ಳಿ. ಮನೆಯ ಜಾಹೀರಾತಿನಲ್ಲಿ '3½' ಅಂತ ಇದ್ದರೆ ಅರ್ಧ ಅನ್ನುವುದು ಬಚ್ಚಲುಮನೆ. ಅಡುಗೆಮನೆ ಆ ಮೂರರಲ್ಲೇ ಸೇರಿದೆ. ಊಟದ ಹೆಸರೂ ಬೇರೆ: ಫ್ರಾನ್ಸಿನಲ್ಲಿ 'ದೆಜುನೆ' ಮಧ್ಯಾಹ್ನದ್ದು, 'ದಿನೆ' ರಾತ್ರಿಯದು. ಕ್ವಿಬೆಕ್‌ನಲ್ಲಿ ದೆಜುನೆ ಬೆಳಗಿನ ತಿಂಡಿ, ದಿನೆ ಮಧ್ಯಾಹ್ನದ ಊಟ, ರಾತ್ರಿಗೆ 'ಸುಪೆ'. ಮಾಂಟ್ರಿಯಲ್‌ನಲ್ಲಿ ಯಾರಾದರೂ ದಿನೆಗೆ ಕರೆದರೆ 'ಆ ಕೆಲರ್?', ಎಷ್ಟು ಗಂಟೆಗೆ ಅಂತ ಕೇಳಿಕೊಂಡು ಹೋಗಿ.