ರೋಗಿಯನ್ನು ಟ್ರಾಲಿಗೆ ಬದಲಾಯಿಸುವಾಗ ಗಮನಿಸಬೇಕಾದದ್ದು
ಸಹೋದ್ಯೋಗಿಗಳೇ, ರೋಗಿಯನ್ನು ಸ್ಕ್ಯಾನಿಂಗ್‌ಗೆ ಕರೆದೊಯ್ಯುವಾಗ ದಾರಿಗಿಂತಲೂ ಹೆಚ್ಚು ಎಚ್ಚರ ಬೇಕಾದದ್ದು ಮಂಚದಿಂದ ಟ್ರಾಲಿಗೆ ಬದಲಾಯಿಸುವ ಗಳಿಗೆಯಲ್ಲಿ. ಎರಡರ ಬ್ರೇಕನ್ನೂ ಹಾಕಿ, ಅಲುಗಾಡಿಸಿ ನೋಡಿ. ಒಂದರ ಚಕ್ರ ಸರಿದರೂ ನಡುವೆ ಸಂದು ಬಿದ್ದು ರೋಗಿ ಕೆಳಗೆ ಜಾರಬಹುದು. ಮೂತ್ರದ ಚೀಲವನ್ನು ಮಂಚದ ಕಂಬಿಯಲ್ಲೇ ಮರೆತು ರೋಗಿಯನ್ನು ಎಳೆದರೆ, ಮೂತ್ರಕೋಶದೊಳಗೆ ಉಬ್ಬಿರುವ ಬಲೂನಿನ ಸಮೇತ ಕ್ಯಾತಿಟರ್ (ಮೂತ್ರವನ್ನು ಚೀಲಕ್ಕೆ ಇಳಿಸುವ ಕೊಳವೆ) ಕಿತ್ತು ಬಂದು ಮೂತ್ರನಾಳಕ್ಕೆ ಗಾಯವಾಗಿ ರಕ್ತ ಸುರಿಯಬಹುದಾದ್ದರಿಂದ, ಚೀಲ, ಡ್ರಿಪ್, ಡ್ರೈನ್‌ಗಳನ್ನು (ದೇಹದೊಳಗಿನ ದ್ರವ ಹೊರಹಾಕುವ ಕೊಳವೆಗಳನ್ನು) ಮೊದಲು ಟ್ರಾಲಿಯ ಕಡೆಗೆ ದಾಟಿಸಿ, ಆಮೇಲೆ ಎಣಿಕೆ ಹೇಳಿ ಎಲ್ಲರೂ ಒಟ್ಟಿಗೆ ಸರಿಸಿ. ಆಕ್ಸಿಜನ್ ಸಿಲಿಂಡರನ್ನು ರೋಗಿಯ ಕಾಲುಗಳ ನಡುವೆ ಮಲಗಿಸುವುದು ಬೇಡ (ಅವಸರದಲ್ಲಿ ಸಂಬಂಧಿಕರೇ ಹಾಗೆ ಇಟ್ಟುಬಿಡುವುದುಂಟು). ಸುಮಾರು 1500 ಲೀಟರ್ ಹಿಡಿಯುವ ಬಿ ಟೈಪ್ ಸಿಲಿಂಡರ್ ತುಂಬಿದ್ದರೂ ನಿಮಿಷಕ್ಕೆ 10 ಲೀಟರ್‌ನಂತೆ ಎರಡೂವರೆ ಗಂಟೆಯಷ್ಟೇ ಬರುತ್ತದೆ, ಆದ್ದರಿಂದ ಹೊರಡುವ ಮೊದಲೇ ಮಾಪಕ ನೋಡಿ. ಇಳಿಜಾರಿನಲ್ಲಿ ಇಳಿಯುವಾಗ ರೋಗಿಯ ಕಾಲು ಮುಂದಾಗಿರಲಿ. ಲಿಫ್ಟ್ ಬಾಗಿಲಲ್ಲಿ ಮೊಣಕೈ ಕಂಬಿಯಾಚೆ ಚಾಚಿದೆಯೇ ಎಂದು ನೋಡಿಕೊಳ್ಳಿ.