ಗೋಲ್ ಕಾಯುವ ಕೆಲಸ: ಐಸ್ ಹಾಕಿಯಲ್ಲಿ ನನ್ನ ಅನುಭವ

ಕೆನಡಾದ ಮಿಸ್ಸಿಸಾಗಾದಲ್ಲಿ ನಮ್ಮಂಥವರ ಲೀಗಿಗೆ ಐಸ್ ಮೈದಾನ ಸಿಗುವುದೇ ರಾತ್ರಿ ಹತ್ತರ ಮೇಲೆ. ಹಗಲು ಸಾಫ್ಟ್‌ವೇರ್, ರಾತ್ರಿ ಗೋಲ್ ಕಾಯುವುದು. ಮೂವತ್ತು ದಾಟಿದ ಮೈಸೂರಿನವನಿಗೆ ಈ ಹುಚ್ಚು ಹೇಗೆ ಹತ್ತಿತು ಅಂತ ಎಲ್ಲರೂ ಕೇಳುತ್ತಾರೆ. ಆಫೀಸಿನ ತಂಡಕ್ಕೆ ಗೋಲ್‌ಕೀಪರ್ ಇರಲಿಲ್ಲ, ಅಷ್ಟೇ. ಇಲ್ಲಿ ಗೋಲ್‌ಕೀಪರ್‌ಗಳಿಗೆ ಯಾವಾಗಲೂ ಬರ. ಸುಮ್ನೆ ಸೇರಿ ಆಡುವ ಕಡೆ ಉಳಿದವರು ಐಸ್ ಬಾಡಿಗೆ ಹಂಚಿಕೊಳ್ಳುತ್ತಾರೆ, ಗೋಲ್‌ಕೀಪರ್‌ಗೆ ಹೆಚ್ಚಾಗಿ ಪುಕ್ಕಟೆ. ಹಾಗೆ ಉಳಿದ ದುಡ್ಡನ್ನು ಪ್ಯಾಡು, ಗ್ಲೌಸು ನುಂಗುತ್ತವೆ ಅನ್ನುವುದು ಬೇರೆ ಮಾತು.

ಕಾಲೇಜಿನಲ್ಲಿ ನಾನು ವಿಕೆಟ್ ಕೀಪರ್. ಚೆಂಡು ಎಲ್ಲಿಗೆ ಬಂತೋ ಅಲ್ಲಿಗೆ ಕೈ ತಾನಾಗಿ ಹೋಗುತ್ತಿತ್ತು. ಇಲ್ಲಿನ ಕೋಚ್ ಮೊದಲು ಬಿಡಿಸಿದ್ದು ಆ ಚಾಳಿಯನ್ನೇ. ಒಂದು ಉದ್ದ ಹಗ್ಗ ತಂದು, ಎರಡು ತುದಿಯನ್ನೂ ಗೋಲಿನ ಎರಡು ಕಂಬಕ್ಕೆ ಕಟ್ಟಿ, ನಡುಭಾಗವನ್ನು ಪಕ್ (ಚೆಂಡಿನ ಬದಲು ಹೊಡೆಯುವ ರಬ್ಬರ್ ಬಿಲ್ಲೆ) ಇಟ್ಟ ಜಾಗದವರೆಗೆ ಎಳೆದರು. "ಈಗ ಗೋಲಿನ ಗೆರೆ ಮೇಲೆ ನಿಲ್ಲು" ಅಂದರು. ನಿಂತೆ. ಎರಡೂ ಪಕ್ಕ ಹಗ್ಗ ಒಂದೊಂದು ಮೊಳ ದೂರ. ಮುಂದೆ ಬರುತ್ತಾ ಹೋದ ಹಾಗೆ ಹಗ್ಗ ಹತ್ತಿರವಾಯಿತು, ಕೊನೆಗೆ ಗ್ಲೌಸಿಗೇ ತಾಗಿತು. ಗೋಲು 6 ಅಡಿ ಅಗಲ, 4 ಅಡಿ ಎತ್ತರ. ಆದರೆ ಪಕ್‌ಗೆ ಕಾಣುವ ಗೋಲು ನಾನು ಎಲ್ಲಿ ನಿಂತಿದ್ದೇನೆ ಅನ್ನುವುದರ ಮೇಲೆ. ಸರಿಯಾದ ಕಡೆ ನಿಂತರೆ ಹಿಡಿಯುವ ಪ್ರಮೇಯವೇ ಇಲ್ಲ, ಪಕ್ ಬಂದು ಮೈಗೆ ಬಡಿಯುತ್ತದೆ. ಹಾಗಂತ ಜಾಸ್ತಿ ಮುಂದೆ ಬರುವಂತಿಲ್ಲ. ಎದುರಾಳಿ ಹೊಡೆಯದೆ ಪಕ್ಕದವನಿಗೆ ಪಾಸ್ ಕೊಟ್ಟ ಅಂದರೆ ಹಿಂದೆ ಗೋಲು ಬಟಾಬಯಲು.

ಆ ನಿಲ್ಲುವ ಜಾಗ ಪಕ್ ಜೊತೆಗೇ ಸರಿಯುತ್ತಿರುತ್ತದೆ. ಹಾಗಾಗಿ ಗೋಲ್‌ಕೀಪರ್‌ಗೆ ಸ್ಕೇಟಿಂಗ್ ಅಷ್ಟೇನೂ ಬೇಡ ಅನ್ನುವ ಮಾತನ್ನು ನಂಬಬೇಡಿ. ನಾನು ಪಕ್ ಮುಟ್ಟುವ ಮೊದಲು ವಾರಗಟ್ಟಲೆ ಕಂಬದಿಂದ ಕಂಬಕ್ಕೆ ಜಾರುವುದನ್ನೇ ಮಾಡಿದೆ.

ಆಮೇಲೆ ಬಟರ್‌ಫ್ಲೈ. ಮಂಡಿ ಎರಡೂ ಐಸ್‌ಗೆ ಬೀಳಬೇಕು, ಪಾದಗಳು ಹೊರಗೆ ಚಾಚಬೇಕು, ಪ್ಯಾಡುಗಳು ಗೋಡೆಯಂತೆ ಕೆಳಗಿನ ಜಾಗ ಮುಚ್ಚಬೇಕು. 1950ರ ದಶಕದಲ್ಲಿ ಗ್ಲೆನ್ ಹಾಲ್ ಅನ್ನುವ ಗೋಲ್‌ಕೀಪರ್ ಶುರು ಮಾಡಿದ್ದು. 80ರ ದಶಕದಿಂದ ಪ್ಯಾಟ್ರಿಕ್ ರುವಾ ಆಡಿದ್ದನ್ನು ನೋಡಿ ಎಲ್ಲರೂ ಅದನ್ನೇ ಹಿಡಿದರು. ಚಕ್ಕಳಮಕ್ಕಳ ಹಾಕಿ ಕೂತು ಬೆಳೆದ ಸೊಂಟ ಇದಕ್ಕೆ ಒದಗುವುದಿಲ್ಲ, ಕಾಲು ತಿರುಗಬೇಕಾದದ್ದು ಅದರ ತದ್ವಿರುದ್ಧ. ನನಗೆ ಕೈಹಿಡಿದದ್ದು ವೀರಾಸನ. ಈಗಲೂ ದಿನಾ ಟೀವಿ ಮುಂದೆ ಕೂರುವುದು ಹಾಗೇ.

ಭಯ ಆಗಲ್ವಾ ಅಂತ ಅಮ್ಮ ಫೋನಿನಲ್ಲಿ ಕೇಳುತ್ತಾರೆ. ಪಕ್ ಅಂದರೆ ತಣ್ಣಗೆ ಕಲ್ಲಾದ ರಬ್ಬರು, ಸುಮಾರು 170 ಗ್ರಾಂ. ಗ್ಲೆನ್ ಹಾಲ್ ಸತತ 502 ಪಂದ್ಯ ಮುಖವಾಡ ಇಲ್ಲದೆ ಆಡಿದವರು, ನೆನೆದರೆ ಮೈ ಜುಂ ಅನ್ನುತ್ತದೆ. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಮಾಂಟ್ರಿಯಲ್ ತಂಡದ ಗೋಲ್‌ಕೀಪರ್ ಜಾಕ್ ಪ್ಲಾಂಟ್ ಮುಖಕ್ಕೆ ಪಕ್ ಬಡಿಯಿತು. ಹೊಲಿಗೆ ಹಾಕಿಸಿಕೊಂಡು, ಮುಖವಾಡ ಇಲ್ಲದೆ ಇಳಿಯುವುದಿಲ್ಲ ಅಂದರು. ಕೋಚ್‌ಗೆ ಇಷ್ಟವಿರಲಿಲ್ಲ, ಆದರೆ ಬದಲಿಗೆ ಇನ್ನೊಬ್ಬ ಗೋಲ್‌ಕೀಪರ್ ಬೇಕಲ್ಲ! ಆಗಲೂ ಬರವೇ.

ಆ ಬರ ಒಮ್ಮೊಮ್ಮೆ ನಮ್ಮಂಥವರಿಗೂ ಬಾಗಿಲು ತೆರೆದಿದೆ. 2020ರ ಫೆಬ್ರವರಿ 22ರಂದು ಟೊರೊಂಟೊದಲ್ಲಿ ವೃತ್ತಿಪರ ತಂಡ ಕ್ಯಾರೊಲೈನಾದ ಇಬ್ಬರೂ ಗೋಲ್‌ಕೀಪರ್‌ಗಳು ಗಾಯಗೊಂಡರು. ತುರ್ತಿಗೆ ಅಂತ ಕೂರಿಸಿದ್ದ 42 ವರ್ಷದ ಡೇವಿಡ್ ಏರ್ಸ್ ಇಳಿದರು. ಐಸ್ ನಯ ಮಾಡುವ ಗಾಡಿ ಓಡಿಸಿದ್ದವರು, ಕಿಡ್ನಿ ಕಸಿ ಆಗಿದ್ದವರು. ಮೊದಲ ಎರಡು ಹೊಡೆತ ಒಳಗೆ ಹೋದವು. ಮುಂದಿನ ಎಂಟನ್ನೂ ತಡೆದರು, ಕ್ಯಾರೊಲೈನಾ 6-3ರಿಂದ ಗೆದ್ದಿತು. ಆ ಎರಡು ಗೋಲು ಬಿಟ್ಟ ಮೇಲೂ ತಲೆ ಕೆಡಿಸಿಕೊಳ್ಳದೆ ನಿಂತರಲ್ಲ, ನನ್ನ ಲೆಕ್ಕದಲ್ಲಿ ಅದೇ ದೊಡ್ಡದು.

ಶುರು ಮಾಡುವವರಿಗೆ ಒಂದು ಮಾತು. ಕಾಲಿನ ಪ್ಯಾಡು ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಏನೂ ಆಗಲ್ಲ. ಮುಖವಾಡ, ಕತ್ತಿನ ಗಾರ್ಡ್ ಮಾತ್ರ ಹೊಸದೇ ಇರಲಿ. ಆಟ ಮುಗಿಸಿ ಬಂದ ರಾತ್ರಿಯೇ ಎಲ್ಲವನ್ನೂ ಬ್ಯಾಗಿನಿಂದ ತೆಗೆದು ಫ್ಯಾನ್ ಮುಂದೆ ಹರವಿ. ಬೆಳಗ್ಗೆ ನೋಡಿಕೊಳ್ಳೋಣ ಅಂತ ಬಿಟ್ಟರೆ ಆ ವಾಸನೆಗೆ ಮನೆಯವರು ನಿಮ್ಮನ್ನೂ ಬ್ಯಾಗನ್ನೂ ಒಟ್ಟಿಗೇ ಹೊರಗೆ ಹಾಕುತ್ತಾರೆ.